ಆರೂವರೆ ಗಂಟೆಯ ತರಗತಿ

ಎಪ್ಪತ್ತು ದಾಟಿದವರಿಗಾಗಿ ವ್ಯಾಯಾಮದ ತರಗತಿ ತೆರೆಯುವಾಗ ಅದರ ವೇಳೆಯನ್ನು ನೀವು ಯಾರ ಅನುಕೂಲ ನೋಡಿ ಗೊತ್ತುಮಾಡುತ್ತೀರಿ?

ನಾನು ನನ್ನದನ್ನೇ ನೋಡಿದ್ದೆ. ನನ್ನ ಕಚೇರಿಯಿದ್ದ ಗಚ್ಚಿಬೌಲಿಯಲ್ಲಿ ಒಂದರ ಪಕ್ಕ ಒಂದು ಐಟಿ ಕಂಪನಿಗಳ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಎಂಟಕ್ಕೆ ಕಂಪನಿಯ ಕ್ಯಾಬ್ ಮೆಹದಿಪಟ್ಟಣಂನ ನಮ್ಮ ಕಾಲೊನಿಯ ತಿರುವಿಗೆ ಬರುತ್ತಿತ್ತು. ಆದ್ದರಿಂದ ತರಗತಿ ಬೆಳಗಿನ ಆರೂವರೆಗೆ ಎಂದು ಬರೆದು ಸಮುದಾಯ ಭವನದ ಬಾಗಿಲಿಗೆ ಅಂಟಿಸಿದೆ. ಮುಪ್ಪಿನಲ್ಲಿ ಬೇಕಾದದ್ದು ವಿಶ್ರಾಂತಿ ಎಂದು ಕಾಲೊನಿಯ ಸಭೆಯಲ್ಲಿ ಕೆಲವರು ಆಕ್ಷೇಪಿಸಿದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಅವರನ್ನು ಒಪ್ಪಿಸಲು ಹತ್ತು ನಿಮಿಷ ಸಾಕಾಯಿತು. ಗೆದ್ದ ವಾದವೇ ಸರಿಯಾದ ವಾದವೆಂದು ಆಗ ನಂಬಿದ್ದೆ.

ಸಿದ್ಧತೆಯಲ್ಲಿ ಆಲಸ್ಯ ಮಾಡಲಿಲ್ಲ. ನುಣುಪು ನೆಲದ ಮೇಲೆ ಕಾಲುಚೀಲ ಬೇಡ; ಕುರ್ಚಿಗಳ ಬೆನ್ನು ಗೋಡೆಗೆ ತಾಗಿರಬೇಕು; ಮಾತಾಡಲಾಗದಷ್ಟು ಏದುಸಿರು ಬಂದವರು ಕೂಡಲೇ ಕೂರಬೇಕು. ಬೇಸರವಾಗದಿರಲೆಂದು ಚಲನೆಗಳಿಗೆ ಮನೆಗೆಲಸದ ಹೆಸರಿಟ್ಟೆ: ನೀರು ಸೇದುವುದು, ರೊಟ್ಟಿ ಬಡಿಯುವುದು, ಬೀಸುವ ಕಲ್ಲು ತಿರುಗಿಸುವುದು. ಹನ್ನೆರಡು ಮಂದಿ ಬಂದರು. ಅವರಲ್ಲಿ ಬೀದರ ಕಡೆಯವರಾದ ನಮ್ಮ ಪಕ್ಕದ ಮನೆಯ ಅಜ್ಜಿಗೆ ಒಂದೇ ಗುರಿ. ಪೂಜೆಗೆ ನೆಲದ ಮೇಲೆ ಕೂತರೆ ಏಳಲು ದಿನವೂ ಮಗನನ್ನು ಕೂಗಬೇಕಿತ್ತು, ತಾನೇ ಏಳುವಂತಾಗಬೇಕು.

ಮೂರನೆಯ ವಾರ ಒಂದು ಬೆಳಿಗ್ಗೆ, ನೀರು ಸೇದುವ ಚಲನೆಯ ನಡುವೆ, ಅಜ್ಜಿ ಕುರ್ಚಿಗೆ ಕುಸಿದರು. ಹಣೆ ಬೆವರಿತ್ತು, ಕೈ ನಡುಗುತ್ತಿತ್ತು. ಪ್ರಜ್ಞೆ ಇದ್ದುದರಿಂದ ಸಕ್ಕರೆ ಕದಡಿದ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಂಡರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನುಂಗಿ ವ್ಯಾಯಾಮ ಮಾಡಿದ್ದರಿಂದ ಹೀಗಾಯಿತೆಂದು ವೈದ್ಯರು ಹೇಳಿದರು. ಸ್ನಾನ, ಪೂಜೆ ಮುಗಿಯದೆ ಅಜ್ಜಿ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಪೂಜೆಯೋ ನನ್ನ ತರಗತಿಯ ನಂತರ. ಔಷಧ ಊಟದ ಲೆಕ್ಕಕ್ಕೆ ಬಾರದಾದ್ದರಿಂದ ಮಾತ್ರೆಯನ್ನು ಮಾತ್ರ ವೇಳೆಗೆ ಸರಿಯಾಗಿ ನುಂಗುತ್ತಿದ್ದರು. ಉಳಿದವರನ್ನು ಕೇಳಿದಾಗ ಹಲವರದ್ದೂ ಇದೇ ಪರಿಪಾಠ. ಯಾರಿಗೂ ಅದು ಹೇಳಬೇಕಾದ ಸಂಗತಿಯೆನಿಸಿರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಮಗ ಬಾಗಿಲಲ್ಲೇ ನಿಲ್ಲಿಸಿದರು.

"ನಿಮ್ಮ ಭಾಷಣ ನಂಬಿ ಕಳಿಸಿದ್ವಿರಿ. ನಾಳಿಂದ ಅವ್ವ ಬರೂದಿಲ್ಲ."

ಉತ್ತರಗಳು ನಾಲಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು.

"ಮೊಣಕಾಲು ಕೇಳಿದಿ, ಬಿ.ಪಿ. ಕೇಳಿದಿ. ಹೊಟ್ಟಿಗೇನು ತಿಂದೀರಿ ಅಂತ ಒಂದಿನಾರ ಕೇಳೀಯೇನು ತಮ್ಮಾ?"

ಇಲ್ಲವೆಂದೆ. ಬಳಿಕ ಅವರು ಬಾಗಿಲಿಗೆ ಬಂದು ಮಗನತ್ತ ತಿರುಗಿದರು: "ನಾ ಹೋಗಾಕಿನ. ದಿನಾ ನಿನ್ನ ಕೈ ಹಿಡದು ಏಳೂದು ನನಗ ಭಾಳ ಸಾಕಾಗೇತಿ."

ನಾನು ವಾದಿಸಲಿಲ್ಲ. ಒಂದು ವಾರದ ಗಡುವು ಕೇಳಿ, ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. ಪೂಜೆ ಎಷ್ಟು ಹೊತ್ತಿಗೆ, ತಿಂಡಿ ಯಾವಾಗ, ಮಾತ್ರೆ ಯಾವುದು ಎಂದು ಕೇಳಿ ಬರೆದುಕೊಂಡೆ. ಮಾತ್ರೆಯ ವೇಳೆಯನ್ನು ವೈದ್ಯರ ಬಳಿ ಖಚಿತಪಡಿಸಿಕೊಳ್ಳಲು ಎಲ್ಲರಿಗೂ ಹೇಳಿದೆ. ತರಗತಿ ಹನ್ನೊಂದಕ್ಕೆ ಸರಿಯಿತು. ಆ ಹೊತ್ತಿಗೆ ನಾನು ಕಚೇರಿಯಲ್ಲಿರುತ್ತಿದ್ದೆ. ಹಾಗಾಗಿ ವಾರದ ದಿನಗಳನ್ನು ನಿವೃತ್ತ ಡ್ರಿಲ್ ಮಾಸ್ತರರೊಬ್ಬರಿಗೆ ಒಪ್ಪಿಸಿದೆ. ನನಗೆ ಶನಿವಾರ, ಭಾನುವಾರ ಉಳಿದವು. ನಾನು ಕಟ್ಟಿದ್ದನ್ನು ಮತ್ತೊಬ್ಬರ ಕೈಗೆ ಕೊಡುವುದು ಸುಲಭವಾಗಿರಲಿಲ್ಲ, ಆದರೂ ಕೊಟ್ಟೆ.

ಮೊದಲ ಶನಿವಾರ ಅಜ್ಜಿಯ ಮಗ ಭವನದ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಆಮೇಲೂ ಪ್ರತಿ ವಾರ ಬಂದರು. ಮಳೆಗಾಲದ ಒಂದು ಭಾನುವಾರ ಅಜ್ಜಿ ನೆಲದ ಮೇಲೆ ಕೂತು, ಒಂದು ಮೊಣಕಾಲೂರಿ, ಕುರ್ಚಿಯ ಅಂಚು ಹಿಡಿದು ಏಳತೊಡಗಿದರು. ಮಗ ಓಡಿಬಂದು ಕೈ ಚಾಚಿದರು. ಅಜ್ಜಿ ಆ ಕೈಯನ್ನು ಸರಿಸಿ ಎದ್ದು ನಿಂತರು.

ನಿಮ್ಮ ಕಾಲೊನಿಯಲ್ಲಿ ಇಂಥ ತರಗತಿ ತೆರೆಯುವುದಾದರೆ, ದಯವಿಟ್ಟು ಮೊದಲು ಪ್ರತಿಯೊಬ್ಬ ಹಿರಿಯರ ಮನೆಗೆ ಹೋಗಿ. ಅವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಯಾವ ಮಾತ್ರೆ ನುಂಗುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ವೇಳೆಯನ್ನು ಆಮೇಲೆ ಗೊತ್ತುಮಾಡಿ.