ಕಾಣದ ದೊರೆಸಾನಿಯ ಮೇಲಿನ ಕಿಚ್ಚು

ಸೊಸೆ ಮೈಸೂರಿನಿಂದ ಕೇಕು ತಂದಿದ್ದಾಳೆ. ಪೊಟ್ಟಣ ಬಿಚ್ಚಿದೊಡನೆ ಒಣದ್ರಾಕ್ಷಿ, ಜಾಯಿಕಾಯಿಯ ವಾಸನೆ ನಡುಮನೆಯನ್ನೆಲ್ಲ ತುಂಬಿತು. ನನಗೆ ಮಾತ್ರ ಮೈ ಉರಿಯಿತು. ನಗಬೇಡಿ. ಈ ವಯಸ್ಸಿನಲ್ಲಿ ಕೇಕಿನ ಮೇಲೆಂಥ ಹೊಟ್ಟೆಕಿಚ್ಚು ಎನ್ನುತ್ತೀರಿ. ಕೇಕಿನ ಮೇಲಲ್ಲ, ಒಬ್ಬಳು ದೊರೆಸಾನಿಯ ಮೇಲೆ. ಅವಳನ್ನು ನಾನು ಕಂಡವಳೂ ಅಲ್ಲ.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದ ಕಾಲ. ಮದುವೆಯಾದ ಹೊಸತರಲ್ಲೇ ನಮ್ಮ ಯಜಮಾನರು ಸಕ್ಕರೆ ಮಾಡುವ ವಿದ್ಯೆ ಕಲಿಯಲು ವಿಲಾಯತಿಗೆ ಹೋದರು. ನಾನು ಕೃಷ್ಣರಾಜಪೇಟೆಯ ಅತ್ತೆಮನೆಯಲ್ಲಿ ಉಳಿದೆ. ಹೊಸ ಮದುವಣಗಿತ್ತಿ ಸಂಕ್ರಾಂತಿಗೆ ಎಳ್ಳಿನ ಜೊತೆ ಬಾಳೆಹಣ್ಣು ಬೀರಬೇಕಲ್ಲ, ಬೀರಿದೆ. ಹೋದ ಮನೆಯಲ್ಲೆಲ್ಲ "ನಿನ್ ಗಂಡ ಯಾವಾಗ ಬತ್ತಾನವ್ವಾ?" ಎಂಬುದೇ ಮಾತು. ಗಂಡಂದಿರು ಕಣ್ಣೆದುರಿಗಿದ್ದ ಹೆಂಗಸರನ್ನು ಕಂಡರೇ ನನಗಾಗುತ್ತಿರಲಿಲ್ಲ.

ಕೊನೆಗೆ ಬಂದರು. ಬಂದವರ ಬಾಯಲ್ಲಿ ಬರೀ ಆ ದೊರೆಸಾನಿ, ಇವರು ಬಾಡಿಗೆಗಿದ್ದ ಮನೆಯಾಕೆ. ಕ್ರಿಸ್ಮಸ್ ರಜೆಗೆ ಜೊತೆಯವರೆಲ್ಲ ಊರಿಗೆ ಹೊರಟರೆ ಇವರೊಬ್ಬರೇ ಉಳಿದರಂತೆ. ಅವಳು ಅಡಿಗೆಮನೆಗೆ ಕರೆದು, ಒಣದ್ರಾಕ್ಷಿ, ಜಾಯಿಕಾಯಿ ಹಾಕಿದ ಹಬ್ಬದ ಕಡುಬಿನ ಹಿಟ್ಟನ್ನು ಮನೆಯವರೆಲ್ಲ ಒಬ್ಬೊಬ್ಬರಾಗಿ ತಿರುವಬೇಕು, ತಿರುವುತ್ತ ಮನಸ್ಸಿನಲ್ಲೇ ಏನಾದರೂ ಬೇಡಿಕೊಳ್ಳಬೇಕು ಎಂದು ಇವರ ಕೈ ಹಿಡಿದು ಸೌಟು ಆಡಿಸಿದಳಂತೆ. 'ಕೈ ಹಿಡಿದು' ಎನ್ನುವಾಗ ಇವರ ಮುಖ ಅರಳುತ್ತಿತ್ತು. ಅತ್ತ ಒಲೆಯ ಮೇಲೆ ನನ್ನ ಮುದ್ದೆ ಗಂಟುಗಂಟಾಗುತ್ತಿತ್ತು.

ನನ್ನ ಕಲ್ಪನೆಯಲ್ಲಿ ಅವಳು ಹೊಂಗೂದಲಿನ, ಬೆಣ್ಣೆ ಬಣ್ಣದ ಹುಡುಗಿ. ವಯಸ್ಸೆಷ್ಟು ಎಂದು ಕೇಳೋಣವೆಂದರೆ, ಆ ಕಾಲದಲ್ಲಿ ಗಂಡನನ್ನು ಅಂಥದ್ದೆಲ್ಲ ಕೇಳುವುದುಂಟೆ?

ಆ ಸಲದ ಸಂಕ್ರಾಂತಿಗೆ ಅತ್ತೆಯೂ ನಾನೂ ಕೂತು ಎಳ್ಳು, ಕಡಲೆ, ಕೊಬ್ಬರಿ, ಬೆಲ್ಲದ ಚೂರುಗಳನ್ನು ಹರಿವಾಣದಲ್ಲಿ ಬೆರೆಸುತ್ತಿದ್ದೆವು. ಇವರು ಬಂದು ನಡುವೆ ಕೂತರು.

"ಇದ್ನೂ ಅಂಗೇ ಎಲ್ರೂ ತಿರುವಾನ ಕಣವ್ವ" ಎಂದು ಅತ್ತೆಯ ಎದುರಿಗೇ ನನ್ನ ಕೈ ಹಿಡಿದುಬಿಟ್ಟರು!

ಹಿರಿಯರ ಮುಂದೆ ಗಂಡನ ಮುಖ ನೋಡುವುದಕ್ಕೂ ಹಿಂಜರಿಯುತ್ತಿದ್ದವರು ನಾವು. ಆದರೆ ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

"ದೊರೆಸಾನಿ ಇಡ್ದಿದ್ ಕೈ ನಂಗ್ಯಾಕೆ?" ಎಂದು ಕೈ ಕಿತ್ತುಕೊಂಡೆ. ಅರ್ಧ ಎಳ್ಳು ನೆಲದ ಪಾಲಾಯಿತು.

ಅತ್ತೆ ನನ್ನನ್ನು ಬಯ್ಯಲಿಲ್ಲ. ಮಗನನ್ನೇ ದಿಟ್ಟಿಸಿದರು.

"ಅವಳ್ಗೆ ವಯಸ್ಸೆಷ್ಟ್ಲಾ?"

"ನಿನ್ನಷ್ಟೇ ಕಣವ್ವ. ನನ್ನ ಮಗ್ನೇ ಅಂತಿದ್ಲು."

ನನ್ನ ಎದೆ ಹಗುರಾಯಿತು. ಅತ್ತೆಯ ಮುಖ ಕಪ್ಪಿಟ್ಟಿತು.

"ಎತ್ತೋಳು ನಾನಿಲ್ಲಿ ಕುಂತಿವ್ನಿ. ಮಗ ಅನ್ನಕ್ಕೆ ಅವಳ್ಯಾರ್ಲಾ?" ಎಂದವರೇ ಮಗನ ಕೈ ಹಿಡಿದು ಹರಿವಾಣದೊಳಕ್ಕೆ ಒತ್ತಿ ಗರಗರನೆ ತಿರುವಿದರು. ಆಮೇಲೆ ನನಗೆ, "ನೀನೂ ಇಡ್ಕೊ ಮೊಗ. ಬುಟ್ಬುಟ್ರೆ ಇವ್ನು ಅವಳ ಪಾಲೇಯ."

ಹಿಡಿದೆ. 'ಇವರು ಅವಳನ್ನು ಮರೆತುಹೋಗಲಿ' ಎಂದು ಬೇಡಿಕೊಂಡೆ. ತಾಯಿಯಂಥವಳೆಂದು ಗೊತ್ತಾದ ಮೇಲೂ ಬೇಡಿಕೊಂಡೆ ನೋಡಿ! ನನಗೆ ಸಿಗದ ಇವರ ಚಳಿಗಾಲಗಳು ಅವಳಿಗೆ ಸಿಕ್ಕಿದ್ದವಲ್ಲ.

ಬೇಡಿಕೆ ಫಲಿಸುವುದಕ್ಕೆ ಒಂದು ಆಯುಷ್ಯವೇ ಹಿಡಿಯಿತು. ಮುಪ್ಪಿನಲ್ಲಿ ಇವರಿಗೆ ಮರೆವು ಬಂತು. ಮೊದಲು ನಿನ್ನೆ ಮೊನ್ನೆಯದು ಹೋಯಿತು, ಆಮೇಲೆ ಕಾರ್ಖಾನೆ, ಆಮೇಲೆ ವಿಲಾಯತಿ. ಒಂದು ಸಂಜೆ ಬೇಕೆಂದೇ ಕೆಣಕಿದೆ.

"ನಿಮ್ ದೊರೆಸಾನಿ ಏನಂತಾಳೆ?"

"ಯಾವ ದೊರೆಸಾನಿ?" ಎಂದರು.

ಗೆದ್ದೆ ಅನ್ನಿಸಬೇಕಿತ್ತು. ಅಳು ಬಂತು. ಪಕ್ಕದಲ್ಲಿ ಕೂತು ಅಲ್ಲಿಯ ಚಳಿ, ಖಾಲಿ ಮನೆ, ಅಡಿಗೆಮನೆಯ ಬೆಂಕಿ, ಸೌಟು, ಅವಳ ಕೈ ಎಲ್ಲವನ್ನೂ ಹಿಂದೆ ಉರಿಯುತ್ತ ಇವರಿಂದ ಕೇಳಿದ್ದ ಹಾಗೆಯೇ ಇವರಿಗೆ ಒಪ್ಪಿಸಿದೆ. "ಒಳ್ಳೇಳು" ಎಂದರು. ಮರುದಿನಕ್ಕೆ ಅದೂ ಮರೆತಿತ್ತು. ಮತ್ತೆ ಹೇಳಿದೆ. ಇವರು ಇರುವ ತನಕ ಹೇಳುತ್ತಲೇ ಇದ್ದೆ.

ಈಗ ಇವರಿಲ್ಲ. ಅವಳೂ ಇರಲಾರಳು. ಅವಳು ಇದ್ದಳೆಂದು ಈ ಸೀಮೆಯಲ್ಲಿ ಬಲ್ಲವಳು ನಾನೊಬ್ಬಳೇ.

"ಯಾಕತ್ತೆ, ಕೇಕು ಸೇರಲ್ವಾ?" ಎಂದು ಸೊಸೆ ಕೇಳಿದಳು.

"ಬಾ, ಕುಂತ್ಕೊ. ನಮ್ಮೋಳು ಒಬ್ಳು ದೊರೆಸಾನಿ ಇದ್ಲು ಕಣವ್ವ" ಎಂದೆ.