ಮುಖವಾಡದವನ ಕೊನೆಯ ಬೀಜ

ಚೂಯಿಂಗ್ ಗಮ್ ಪೊಟ್ಟಣದಲ್ಲಿ ಕುಸ್ತಿಪಟುಗಳ ಕಾರ್ಡು ಬರುತ್ತಿದ್ದ ಕಾಲ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಅದರದೇ ಹುಚ್ಚು. ಆಟದ ಕಾಯಿದೆ ಮಾತ್ರ ನಮ್ಮದೇ. ಪ್ರತಿ ಕಾರ್ಡಿನ ಮೇಲೆ ಮೂರು ಹುಣಸೆ ಬೀಜ, ಅದೇ ಅದರ ಜೀವ. ಸರದಿಯಂತೆ ಒಬ್ಬರ ಕಾರ್ಡು ಇನ್ನೊಬ್ಬರದಕ್ಕೆ ಹೊಡೆಯಬೇಕು. ಹೊಡೆತ ಬಿದ್ದರೆ ಒಂದು ಬೀಜ ಎತ್ತಬೇಕು, ಬೀಜ ಮುಗಿದರೆ ಕಾರ್ಡು ಸತ್ತ ಹಾಗೆ. ನನ್ನ ಕಾರ್ಡುಗಳಲ್ಲಿ ಮುಖವಾಡ ಹಾಕಿದ ಕುಸ್ತಿಪಟು ಒಬ್ಬನಿದ್ದ. ಆ ಮುಖವಾಡದವನಿಗೆ ಒಂದು ವಿಶೇಷ ಹಕ್ಕಿತ್ತು. ಅವನಿಗೆ ಹೊಡೆತ ಬಿದ್ದಾಗಲೆಲ್ಲ, ಹೊಡೆದವನಿಗೂ ತಿರುಗಿ ಒಂದು ಹೊಡೆತ. ಅವನನ್ನು ನಾನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ಆ ದಿನ ಮುಂಜಾನೆಯಿಂದ ಮನೆಯಲ್ಲಿ ಯಾರೂ ಒಂದು ಕಡೆ ನಿಂತವರಲ್ಲ. ಅಕ್ಕನನ್ನು ನೋಡಲು ಕಂಪ್ಲಿಯಿಂದ ಬರುವವರಿದ್ದರು. ಕಾಲುವೆ ನೀರು ಬಂದ ಮೇಲೆ ಭತ್ತ ಬೆಳೆದು ಮೇಲೆ ಬಂದ ಮನೆತನ. ಅವ್ವ ಗೇಟಿಗೂ ಒಲೆಗೂ ಓಡಾಡಿ ಸುಸ್ತಾಗಿದ್ದಳು, ಉಪ್ಪಿಟ್ಟು ಆರುತ್ತಿತ್ತು, ಅವರ ಪತ್ತೆಯೇ ಇಲ್ಲ. ಅಕ್ಕನ ಟಿ.ಸಿ.ಎಚ್. ಶಿಕ್ಷಕಿ ತರಬೇತಿ ಮುಗಿಯಲು ಇನ್ನೊಂದು ವರ್ಷವಿತ್ತು. ಅದನ್ನು ಮುಗಿಸಲು ಬಿಡುತ್ತಾರೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ.

"ಅವರು ಏನರ ಅನ್ಲಿ, ನೀ ತುಟಿ ಪಿಟಕ್ ಅನಬ್ಯಾಡ" ಎಂದು ಅವ್ವ ಅಕ್ಕನಿಗೆ ಹತ್ತಾರು ಸಲ ಹೇಳಿದ್ದಳು.

ರೇಷ್ಮೆ ಸೀರೆಯಲ್ಲೇ ಹಿತ್ತಲ ಕಟ್ಟೆಗೆ ಬಂದ ಅಕ್ಕ, "ಬಾರಲೇ, ಒಂದಾಟ ಹಾಕೋಣು. ಸುಮ್ನ ಕುಂತ್ರ ಎದಿ ಡವಡವ ಅಂತೈತಿ" ಅಂದಳು.

ಆಡಿದೆವು. ಕೊನೆಗೆ ನನ್ನ ಮುಖವಾಡದವನ ಮೇಲೆ ಒಂದು ಬೀಜ, ಅವಳ ಕಾರ್ಡಿನ ದಡಿಯನ ಮೇಲೂ ಒಂದು ಬೀಜ. ಅಕ್ಕ ಹೊಡೆದಳು, ನನ್ನ ಬೀಜ ಎತ್ತಿಕೊಂಡಳು.

"ಈಗ ಮುಖವಾಡದಾಂವ ತಿರುಗಿ ಹೊಡಿತಾನ!" ಎಂದು ನಾನು ಕುಣಿದೆ.

"ಬೀಜ ಹೋತು, ಸತ್ತ. ಸತ್ತಾಂವ ಹೆಂಗ ಹೊಡಿತಾನಲೇ?"

"ಹೊಡ್ತ ಬಿದ್ದ ಕೂಡ್ಲೇ ಹೊಡಿತಾನ. ಬೀಜ ಎತ್ತೋದು ಆಮ್ಯಾಲ. ಕಾಯಿದಿ ಹಂಗೈತಿ!"

"ಯಾರ ಕಾಯಿದಿ? ನಿನ್ನ ತಲಿ!"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಮುಷ್ಟಿ ಬಿಡಿಸಲು ಹೊರಟೆ. ಅಷ್ಟರಲ್ಲಿ ಮನೆ ಮುಂದೆ ಜೀಪು ನಿಂತ ಸದ್ದು. ಅವ್ವ ಬಂದು ಅಕ್ಕನ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ನನ್ನ ಬೀಜ ಅವಳ ಮುಷ್ಟಿಯಲ್ಲೇ ಹೋಯಿತು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಕ್ಕ ತಲೆ ತಗ್ಗಿಸಿ ಚಾಪೆಯ ಮೇಲೆ ಕುಳಿತಿದ್ದಳು, ಎಡಗೈ ಇನ್ನೂ ಮುಷ್ಟಿ. ಬಂದವರು ಹೆಸರು ಕೇಳಿದರು, ಅಡುಗೆ ಬರುತ್ತದಾ ಎಂದು ಕೇಳಿದರು. ಆಮೇಲೆ ಹುಡುಗನ ತಂದೆ ಅಪ್ಪನ ಕಡೆ ತಿರುಗಿ, "ಹುಡುಗಿ ಪಸಂದ್ ಆದ್ಲುರಿ. ಓದು ಮಾತ್ರ ಸಾಕು. ಈ ತಿಂಗಳೇ ಬಿಡಿಸಿಬಿಡ್ರಿ" ಅಂದರು.

ಅಪ್ಪ "ಆತ್ರಿ" ಎನ್ನಲು ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ತಲೆಯೆತ್ತಿದ ಅಕ್ಕನೂ ಕಂಡಳು.

"ನಾ ಬಿಡಂಗಿಲ್ರಿ" ಅಂದಳು. "ಒಂದ್ ವರ್ಷ ಕಾಯೋದಾದ್ರ ಕಾಯ್ರಿ. ಇಲ್ಲಾಂದ್ರ ಉಪ್ಪಿಟ್ಟು ತಿಂದು ಹೋಗ್ರಿ."

ಅವರು ಉಪ್ಪಿಟ್ಟನ್ನೂ ಮುಟ್ಟಲಿಲ್ಲ. ಜೀಪು ಹೊರಟಿತು. ಅವ್ವ "ಮನಿ ಮರ್ಯಾದಿ ತೆಗೆದ್ಲು" ಎಂದು ಹಣೆ ಹಣೆ ಬಡಿದುಕೊಂಡಳು. ಅಪ್ಪ ಅಕ್ಕನ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಹೊರಗೆ ಹೋದ. ನನಗೆ ಒಳಗೊಳಗೇ ಖುಷಿ, ಜೊತೆಗೆ ಭಯ. ಇನ್ನು ಅಕ್ಕನ ಗತಿ ಏನು?

ಅವಳು ಮತ್ತೆ ಕಟ್ಟೆಗೆ ಬಂದು ಕುಳಿತು ಮುಷ್ಟಿ ಬಿಚ್ಚಿದಳು. ಬೀಜ ಬೆವರಿಗೆ ತೊಯ್ದು ಹೋಗಿತ್ತು.

"ನೀ ಹೇಳಿದ್ದು ಖರೆ ಐತಿ" ಅಂದಳು. "ಬೀಜ ಎತ್ತೂಕಿಂತ ಮೊದ್ಲೇ ಹೊಡಿಬೇಕು. ಆಮ್ಯಾಲ ಹೊಡಿಯಾಕ ಆಗಂಗಿಲ್ಲ."

ತನ್ನ ದಡಿಯನ ಕೊನೆಯ ಬೀಜವನ್ನೂ ಎತ್ತಿದಳು.

"ಎರಡೂ ಸತ್ವು. ಆಟ ಸಮ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಲೇ, ಕಾರ್ಡು ಹಂಚು. ಇನ್ನೊಂದಾಟ."