ಕುದಿಸಿ ಕೊಟ್ಟ ಮರಳು

ಚಿನ್ನಕ್ಕ, ಅವತ್ತು ನಾನು ನಿನಗೆ ಕೊಟ್ಟದ್ದು ಸತ್ತ ಮರಳು. ಕುದಿಯುವ ನೀರಿನಲ್ಲಿ ಬೇಯಿಸಿ, ಆರಿಸಿ, ಮೇಲೆ ಉಪ್ಪುನೀರು ಚಿಮುಕಿಸಿ, ಆಗಷ್ಟೇ ತೊಟ್ಟಿಯಿಂದ ತೆಗೆದ ಹಾಗೆ ಕಾಣುವಂತೆ ಮಾಡಿ ತಂದಿದ್ದೆ. ನಿನ್ನ ಮೀನುಗಳು ಸತ್ತದ್ದು ನಿನ್ನ ಕೈಗುಣದಿಂದಲ್ಲ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು — ದಿನವೂ ತರಗತಿಯಲ್ಲಿ ನಿಂತು ಸುಳ್ಳು ಹೇಳಬೇಡಿ ಎಂದು ಮಕ್ಕಳಿಗೆ ಕಲಿಸುವವಳಿಗೆ.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ. ಗೊತ್ತಿಲ್ಲದ್ದು ಅದರೊಳಗೇ ಇದೆ.

ನಂದಿದುರ್ಗ ಚಿನ್ನದ ಗಣಿಯ ನಮ್ಮ ಶಾಲೆಗೆ ಆ ಗಾಜಿನ ತೊಟ್ಟಿ ಬಂದದ್ದು ಗಣಿಯ ಇಂಜಿನಿಯರ್ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ. ಸಮುದ್ರದ ನೀರು, ಸಮುದ್ರದ ಮೀನು, ತಳದಲ್ಲಿ ಸಮುದ್ರದ ಮರಳು. ನಮ್ಮ ಮಕ್ಕಳ ಅಪ್ಪಂದಿರು ಭೂಮಿಯೊಳಗೆ ಎಷ್ಟೋ ಆಳಕ್ಕೆ ಇಳಿದು ಬರುವವರು, ಆದರೆ ಸಮುದ್ರ ಕಂಡವರು ಎಷ್ಟು ಜನ? ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು; ಆ ಮೂಗಿನ ಗುರುತು ಒರೆಸುವುದೇ ನನಗೊಂದು ಕೆಲಸವಾಗಿತ್ತು. ವಿಜ್ಞಾನ ಕಲಿಸುವವಳೆಂದು ತೊಟ್ಟಿಯನ್ನು ನನ್ನ ವಶಕ್ಕೆ ಕೊಟ್ಟ ದೊರೆ, ಒಂದು ಎಚ್ಚರಿಕೆ ಹೇಳಿ ಹೋದ. ಮರಳನ್ನು ಎಂದೂ ಬಿಸಿನೀರಿನಲ್ಲಿ ತೊಳೆಯಬೇಡ. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಮರಳಿಗೆ ಅಂಟಿಕೊಂಡಿರುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಆ ವಿಷವನ್ನು ತಿಂದು ನೀರನ್ನು ಕಾಪಾಡುತ್ತವೆ. ಅವು ಸತ್ತರೆ ಮೀನೂ ಸಾಯುತ್ತದೆ.

ಇದನ್ನು ನಾನು ಮಕ್ಕಳಿಗೆ ಮೊಸರಿನ ಲೆಕ್ಕದಲ್ಲಿ ಹೇಳುತ್ತಿದ್ದೆ. ಹಳೆಯ ಮರಳು ಅಂದರೆ ಹೆಪ್ಪು; ಹೊಸ ತೊಟ್ಟಿ ಅಂದರೆ ಬರೀ ಹಾಲು. ಹೆಪ್ಪಿಲ್ಲದೆ ಹಾಲು ಇಟ್ಟರೆ ಒಡೆದು ಹಾಳಾಗುತ್ತದೆಯೇ ಹೊರತು ಮೊಸರಾಗುವುದಿಲ್ಲ. ಮಕ್ಕಳು ನನ್ನನ್ನು ಸಮುದ್ರದ ಟೀಚರ್ ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ಆ ಹೆಸರು ನನ್ನ ತಲೆಗೇರಿತ್ತು.

ಆ ತೊಟ್ಟಿ ಉಳಿದದ್ದು ನಿನ್ನ ಗಂಡನ ದಯೆಯಿಂದ, ಅದನ್ನೂ ಹೇಳಬೇಕು. ಭಾವ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು. ಮದ್ರಾಸಿನ ಗಾಡಿಯಲ್ಲಿ ಬರುವ ಗಾರ್ಡುಗಳ ಕೈಕಾಲು ಹಿಡಿದು ದೊಡ್ಡ ದೊಡ್ಡ ಜಾಡಿಗಳಲ್ಲಿ ಸಮುದ್ರದ ನೀರು ತರಿಸಿ, ನಮ್ಮ ಕಡೆಗೆ ಬರುವ ಮಾರಿಕುಪ್ಪಂ ಗಾಡಿಗೆ ಹತ್ತಿಸಿ ನನಗೆ ಕಳಿಸುತ್ತಿದ್ದರು. ನಾದಿನಿಯ ಶಾಲೆಯ ಮಕ್ಕಳು ನೋಡಲಿ ಅಂತ, ಅಷ್ಟೇ.

ಆಮೇಲೆ ನಿನಗೂ ಆಸೆಯಾಯಿತು. ಬಂಗಾರಪೇಟೆಯಲ್ಲಿ ನೀನು ನಡೆಸುತ್ತಿದ್ದ ಶಿಶುವಿಹಾರದ ಮಕ್ಕಳಿಗೂ ಒಂದು ತೊಟ್ಟಿ ಇರಲಿ ಎಂದು. ಎರಡು ಕೂಸು ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟವಳು ನೀನು. ಊರಿನ ಮಕ್ಕಳ ಮೂಗು ಒರೆಸುತ್ತಾ, ಅನ್ನ ತಿನ್ನಿಸುತ್ತಾ ಆ ದುಃಖ ನುಂಗಿಕೊಂಡಿದ್ದೆ. ಭಾವ ತೊಟ್ಟಿ ಮಾಡಿಸಿದರು, ಹೊಸ ಮರಳು ಹಾಕಿದರು, ಪಟ್ಟೆ ಪಟ್ಟೆ ಮೀನು ತರಿಸಿದರು. ವಾರ ಕಳೆಯುವುದರೊಳಗೆ ಎಲ್ಲವೂ ಸತ್ತು ತೇಲಿದವು. ನಿಮ್ಮ ಬೀದಿಯ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಆಡಿದ್ದನ್ನು ನಾನೇ ಕೇಳಿದೆ.

"ಆಯಮ್ಮನ ಕೈಗುಣಾನೇ ಅಷ್ಟು ಬಿಡು. ಅವ್ಳ ಕೈಗೆ ಏನ್ ಕೊಟ್ರೂ ನಿಲ್ಲಾಕಿಲ್ಲ."

ನಾನು ಅಲ್ಲೇ ಬಾಯಿಬಿಟ್ಟು, ಕೈಗುಣವಲ್ಲ, ಮರಳು ಹೊಸದು ಎನ್ನಬಹುದಾಗಿತ್ತು. ಅನ್ನಲಿಲ್ಲ.

ಅದಾದ ಮೇಲೆ ಒಂದು ಶುಕ್ರವಾರ, ದೀಪ ಹಚ್ಚುವ ಹೊತ್ತಿಗೆ, ನೀನು ನಮ್ಮ ಮನೆಗೆ ಬಂದೆ.

"ಸರೋಜಿ, ನಿನ್ ತೊಟ್ಟೀದು ಒಂದ್ ಬೊಗ್ಸೆ ಅಳೇ ಮರಳು ಕೊಡೇ. ಎಪ್ಪು ಎಪ್ಪು ಅಂತೀಯಲ್ಲ, ಅದೇ. ಇನ್ನೊಂದ್ ಸಲ ಮೀನು ತರಿಸ್ತೀನಿ. ಈ ಸಲಾನೂ ಉಳೀಲಿಲ್ಲ ಅಂದ್ರೆ ನಾನಿನ್ ಯಾವುದ್ಕೂ ಕೈ ಆಕಲ್ಲ."

ನಾನು ನಕ್ಕೆ. "ಶುಕ್ರವಾರ ದೀಪ ಅಚ್ಚಿದ್ಮೇಲೆ ಯಾರಾನ ಎಪ್ಪು ಕೊಡ್ತಾರೇನಕ್ಕ? ಲಕ್ಷ್ಮಿ ಎದ್ದೋಯ್ತಾಳೆ. ನಾಳೆ ನಾನೇ ತಂದ್ಕೊಡ್ತೀನಿ, ಓಗು."

"ಓದ್ದೋಳು ನೀನೂ ಇಂಗಂತೀಯಲ್ಲೇ" ಎಂದು ನೀನೂ ನಕ್ಕೆ. ನಂಬಿ ಹೋದೆ. ನನಗೆ ಆ ಶಾಸ್ತ್ರದಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ, ಅಕ್ಕ. ಒಂದು ರಾತ್ರಿಯ ಕಾಲಾವಕಾಶ ಬೇಕಾಗಿತ್ತು. ಯಾಕೆ ಬೇಕೆಂದು ಆಗ ನನಗೇ ಸರಿಯಾಗಿ ಗೊತ್ತಿತ್ತೋ ಇಲ್ಲವೋ — ಇಲ್ಲ, ಹೀಗೆ ನುಣುಚಿಕೊಳ್ಳಬಾರದು. ಗೊತ್ತಿತ್ತು. ಬಂಗಾರಪೇಟೆಯ ಮಕ್ಕಳು ಅಪ್ಪನ ಕೈ ಹಿಡಿದು, ರೈಲು ಹತ್ತಿ, ನನ್ನ ತೊಟ್ಟಿ ನೋಡಲು ಬರುತ್ತಿದ್ದರು. ನಿನ್ನ ತೊಟ್ಟಿಯ ಮೀನು ಬದುಕಿಬಿಟ್ಟರೆ ಯಾರು ಬರುತ್ತಾರೆ? ನಾಲ್ಕು ಅಕ್ಷರ ಹೆಚ್ಚು ಕಲಿತ ನಾನಿದ್ದ ಹಾಗೇ ನೀನೂ ಆಗಿಬಿಡುತ್ತೀಯಲ್ಲ ಎಂಬ ಸಂಕಟ. ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಬೇರೆ ಹೆಸರಿಲ್ಲ.

ಬೆಳಿಗ್ಗೆ ಶಾಲೆಗೆ ಹೋಗಿ ಮರಳು ತೆಗೆದುಕೊಂಡು ಬಂದೆ. ಬಚ್ಚಲ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಮರಳನ್ನು ಬಟ್ಟೆಯಲ್ಲಿ ಕಟ್ಟಿ ಅದರೊಳಗೆ ಇಳಿಬಿಟ್ಟೆ. ನಮ್ಮ ಒಕ್ಕಲು ಮನೆಗಳಲ್ಲಿ ಬಿತ್ತನೆಗೆಂದು ಹುರಿದ ಬೀಜ ಕೊಟ್ಟವರ ಮನೆ ಹೊಸಿಲು ಯಾರೂ ತುಳಿಯುವುದಿಲ್ಲ. ಬೀಜವಾದರೆ ಬಣ್ಣ ನೋಡಿ ಹಿಡಿಯಬಹುದು. ಮರಳು ಬೇಯುವ ಮುಂಚೆ ಹೇಗಿತ್ತೋ ಬೆಂದ ಮೇಲೂ ಹಾಗೇ ಇತ್ತು.

ಟಿಫಿನ್ ಡಬ್ಬಿಯಲ್ಲಿ ತುಂಬಿಕೊಂಡು ಗಾಡಿ ಹತ್ತಿದೆ. ನೀನು ಶಿಶುವಿಹಾರದ ಬಾಗಿಲಲ್ಲೇ ಕಾಯುತ್ತಿದ್ದೆ. ಡಬ್ಬಿಯನ್ನು ಸೆರಗೊಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಆಗಲಾದರೂ ನಾನು ಅದನ್ನು ಕಿತ್ತುಕೊಂಡು ಎಲ್ಲಾದರೂ ಚೆಲ್ಲಬೇಕಾಗಿತ್ತು. ನೀನು ಒಳಗೆ ಹೋಗಿ, ಮಕ್ಕಳೆಲ್ಲ ಸುತ್ತ ನಿಂತಿರುವಾಗ, ಡಬ್ಬಿಯನ್ನು ನನ್ನ ಕೈಗೇ ವಾಪಸು ಕೊಟ್ಟೆ.

"ನೀನೇ ಆಕೇ. ನಿನ್ ಕೈಗುಣ ಒಳ್ಳೇದು."

ನಾನು ಹೇಳಿದೆ: "ಬ್ಯಾಡಕ್ಕ, ನೀನೇ ಆಕು. ನಿನ್ ಕೈಯಿಂದ್ಲೇ ಆಗ್ಲಿ."

ಮರಳು ಬೇಯಿಸಿದ್ದಕ್ಕಿಂತ ದೊಡ್ಡ ಪಾಪ ಈ ಮಾತು. ಸತ್ತದ್ದನ್ನು ನೀರಿಗೆ ಹಾಕುವಾಗ ನನ್ನ ಕೈ ಅಲ್ಲಿರಬಾರದು ಎನ್ನಿಸಿತು, ಅಷ್ಟೇ. ಅದು ನಿನ್ನ ತಲೆಯ ಮೇಲೆ ಹೊರಿಸಿದ ಹಾಗೆ ಎಂದು ಆಗ ಯೋಚಿಸಲಿಲ್ಲ. ಯೋಚಿಸಿದ್ದರೂ ಬಹುಶಃ —

ಹೊಸದಾಗಿ ತರಿಸಿದ ಮೀನೂ ಸತ್ತವು. ನೀನೇ ನನ್ನನ್ನು ಸಮಾಧಾನ ಮಾಡಿದೆ: "ಪಾಪ, ನೀನ್ ಅಲ್ಲಿಂದ ಒತ್ಕೊಂಡ್ ಬಂದೆ. ನನ್ ಕೈಗ್ ಬಂದು ಕೆಟ್ಟೋಯ್ತು." ಭಾವ ನನ್ನ ತೊಟ್ಟಿಗೆ ನೀರು ಕಳಿಸುವುದನ್ನೂ ನಿಲ್ಲಿಸಲಿಲ್ಲ. ಪ್ರತಿ ಸಲ ಜಾಡಿ ಬಂದಾಗ ನಾನೂ ನಾಚಿಕೆಯಿಲ್ಲದೆ ಸುರಿದುಕೊಳ್ಳುತ್ತಿದ್ದೆ.

ಅಲ್ಲಿಂದ ನೀನು ನಿಜವಾಗಿಯೂ ಕೈ ಹಿಂದಕ್ಕೆ ತೆಗೆದುಕೊಂಡೆ. ಶಿಶುವಿಹಾರ ಬಿಟ್ಟೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಲು ಪಕ್ಕದ ಮನೆಯ ಹುಡುಗಿಯನ್ನು ಕರೆಯತೊಡಗಿದೆ. ನನಗೆ ಮಂಜುಳ ಹುಟ್ಟಿ ನಾಮಕರಣವಾದಾಗ, ಮಗುವನ್ನು ತೊಟ್ಟಿಲಿಗೆ ಹಾಕು ಬಾ ಅಂತ ನಮ್ಮಮ್ಮ ಅಕ್ಕನ ಮಗಳಾದ ನಿನ್ನನ್ನು ಕರೆದರು. ನೀನು ಗೋಡೆಗೆ ಒರಗಿ ನಿಂತವಳು ಕದಲಲಿಲ್ಲ. "ನನ್ ಕೈ ಬ್ಯಾಡ ಚಿಕ್ಕಮ್ಮ. ಕೂಸು ಚೆನ್ನಾಗಿರ್ಲಿ" ಎಂದೆ. ಮನೆ ತುಂಬ ಜನ ಇದ್ದರು. ಒಂದು ಮಾತು ಸಾಕಾಗಿತ್ತು. ನಾನು ಮಗುವಿನ ಟೋಪಿಯ ದಾರ ಕಟ್ಟುತ್ತಾ ತಲೆ ತಗ್ಗಿಸಿಕೊಂಡು ಕೂತಿದ್ದೆ.

ನನ್ನ ತೊಟ್ಟಿಯೂ ಈಗಿಲ್ಲ. ಭಾವನಿಗೆ ಬೇರೆ ಊರಿಗೆ ವರ್ಗವಾಗಬಹುದು ಎಂಬ ಮಾತು ಬಂದಾಗ ಅದನ್ನೇ ನೆಪ ಮಾಡಿ ಖಾಲಿ ಮಾಡಿಸಿದೆ. ವರ್ಗವಾಗಲಿಲ್ಲ. ಮರಳನ್ನು ಬೇವಿನ ಮರದ ಬುಡಕ್ಕೆ ಸುರಿಸಿದೆ.

ಈಗ ಯಾಕೆ ಬರೆದು ಹೇಳುತ್ತಿದ್ದೇನೆ ಎಂದರೆ, ಹೋದ ಭಾನುವಾರ ನಿಮ್ಮ ಮನೆಯಿಂದ ಹಿಂದಿರುಗುವಾಗ ಗಾಡಿಯಲ್ಲಿ ಮಂಜುಳ ಕೇಳಿದಳು: "ಅಮ್ಮ, ದೊಡ್ಡಮ್ಮಂಗೆ ನಾನಂದ್ರೆ ಆಗಲ್ವಾ? ಎಲ್ರೂ ಮಿಠಾಯಿ ಕೈಗೆ ಕೊಡ್ತಾರೆ. ದೊಡ್ಡಮ್ಮ ತಟ್ಟೇಲಿಟ್ಟು ನೆಲದ್ ಮೇಲೆ ತಳ್ತಾರೆ. ಒಂದ್ ಸಲಾನೂ ನನ್ನ ಮುಟ್ಟಿಲ್ಲ." ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಈ ಭಾನುವಾರ ಅವಳನ್ನು ಕರೆದುಕೊಂಡು ಬರುತ್ತೇನೆ. ನಿನ್ನೊಬ್ಬಳ ಕಿವಿಯಲ್ಲಿ ಹೇಳಿ ಅತ್ತು ಹಗುರಾಗಿ ಹೋಗುವುದಕ್ಕಲ್ಲ. ಮಾತು ಹುಟ್ಟಿದ್ದು ಆ ನಲ್ಲಿಯ ಹತ್ತಿರ, ಅಲ್ಲೇ ಹೇಳಬೇಕು. ನೀರು ಬಿಡುವ ಹೊತ್ತಿಗೆ ಬರುತ್ತೇನೆ, ಬೀದಿಯವರೆಲ್ಲ ಇರುತ್ತಾರೆ. ಮೀನು ಕೊಂದದ್ದು ಇವಳ ಕೈಯಲ್ಲ, ನನ್ನದು ಎಂದು ಅವರೆಲ್ಲರ ಮುಂದೆ, ನನ್ನ ಮಗಳ ಮುಂದೆ ಹೇಳುತ್ತೇನೆ. ಅವಳು ಆಮೇಲೆ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೋ ನೋಡಲಿ. ನೀನು ನನಗೆ ಬಾಗಿಲು ಹಾಕಿಕೊಂಡರೂ ಸರಿಯೇ, ನಾನು ಹೊರಗೇ ನಿಂತಿರುತ್ತೇನೆ. ಅವಳನ್ನು ಮಾತ್ರ ಒಳಗೆ ಕರೆದುಕೊಂಡು ಒಂದು ಸಲ ತಲೆ ಮುಟ್ಟು, ಅಕ್ಕ.